ತಾರಸಿ ಟೊಮೆಟೊ: ಮೊದಲು ತಳಿ ನೋಡಿ, ಆಮೇಲೆ ಕುಂಡ ತನ್ನಿ

ಟೊಮೆಟೊ ಬೆಳೆಯಬೇಕು ಅಂದಕೂಡಲೇ ಎಲ್ಲರೂ ಕುಂಡ, ಗೊಬ್ಬರ ಅಂತ ಅಂಗಡಿಗೆ ಓಡುತ್ತಾರೆ. ಯಾವ ತಳಿ ಅಂತ ಕೇಳಿದರೆ ಸುಮ್ನೆ ನಿಲ್ಲುತ್ತಾರೆ. ನಾನೂ ಮೊದಲ ಸಲ ಪ್ಯಾಕೆಟ್ ಮೇಲಿನ ಚಿತ್ರ ನೋಡಿ ಬೀಜ ತಂದು, ಮಾರ್ಚ್‌ನಲ್ಲಿ ಬಿತ್ತಿ, ಗಿಡ ಮೊಣಕಾಲೆತ್ತರ ಬರುವಷ್ಟರಲ್ಲಿ ಎಲೆಗಳೆಲ್ಲ ಮುದುಡಿ ದೋಣಿಯಂತಾಗಿದ್ದನ್ನು ನೋಡಿ ತುಂಬಾ ಬೇಜಾರು ಮಾಡಿಕೊಂಡಿದ್ದೆ. ಅದು ಎಲೆ ಮುಟುರು ರೋಗ. ಬಿಳಿ ನೊಣ ಹರಡುವ ವೈರಸ್. ಬಂದ ಮೇಲೆ ಮದ್ದಿಲ್ಲ, ಗಿಡ ಕಿತ್ತು ದೂರ ಹಾಕಬೇಕು ಅಷ್ಟೇ.

ಬೆಂಗಳೂರಿನ ಕಡೆ ಬೇಸಿಗೆಯಲ್ಲಿ ಬೆಳೆಯುವವರಿಗೆ ನಾನು ಹೇಳುವುದು ಅರ್ಕಾ ರಕ್ಷಕ್. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ಬೇರೆ ಬೇರೆ ತಳಿ ಕೂಡಿಸಿ ಮಾಡಿದ ಹೈಬ್ರಿಡ್ ಇದು. ಎಲೆ ಮುಟುರು, ಬ್ಯಾಕ್ಟೀರಿಯಾದಿಂದ ಗಿಡ ಬಾಡಿ ಹೋಗುವ ದುಂಡಾಣು ಸೊರಗು, ಎಲೆಚುಕ್ಕೆ ತರುವ ಅಂಗಮಾರಿ, ಮೂರನ್ನೂ ತಡೆಯುತ್ತದೆ. ಹಣ್ಣು ಗಟ್ಟಿ, 90-100 ಗ್ರಾಂ ತೂಗುತ್ತದೆ. ಆದರೆ ಹೈಬ್ರಿಡ್ ಆದ್ದರಿಂದ ಅದರ ಬೀಜ ತೆಗೆದಿಟ್ಟರೆ ಮುಂದಿನ ಗಿಡ ಹಾಗೇ ಬರುವುದಿಲ್ಲ. ಬೀಜ ಉಳಿಸಿಕೊಳ್ಳುವ ಆಸೆ ಇದ್ದರೆ ಅದೇ ಸಂಸ್ಥೆಯ ಅರ್ಕಾ ವಿಕಾಸ್ ಹಾಕಿ, ಇಲ್ಲವೇ ನಾಟಿ ಟೊಮೆಟೊ.

ಸಾರಿಗೆ ನಾಟಿಯೇ ಬೇಕು, ಅಲ್ವಾ? ಸಿಪ್ಪೆ ತೆಳು, ಹುಳಿ ಜಾಸ್ತಿ, ಕಿವುಚಿದರೆ ಕೈತುಂಬ ರಸ. ನಾಲ್ಕು ದಿನ ಇಟ್ಟರೆ ಮೆತ್ತಗಾಗುತ್ತದೆ, ರೋಗವೂ ಬೇಗ ತಗಲುತ್ತದೆ. ಹಾಗಾಗಿ ನಾನು ಅದನ್ನು ಮಳೆ ಕಡಿಮೆಯಾದ ಮೇಲೆ, ಅಕ್ಟೋಬರ್‌ನಲ್ಲೇ ಬಿತ್ತುತ್ತೇನೆ.

ಸಸಿಗೆ 25 ದಿನ ಆದಾಗ ಕುಂಡಕ್ಕೆ ಹಾಕಿ. ಕುಂಡ ಒಂದು ಅಡಿಗಿಂತ ಆಳ ಇರಲಿ, ತಳದಲ್ಲಿ ತೂತು ಇರಲಿ. ಕೆಳಗಿನ ಎಲೆಗಳನ್ನು ಚಿವುಟಿ ಕಾಂಡದ ಅರ್ಧ ಮಣ್ಣಿನೊಳಗೆ ಹೋಗುವಂತೆ ಆಳಕ್ಕೆ ನೆಡಿ. ಬಲಿತ ಗಿಡದ ಬುಡವನ್ನು ಹತ್ತಿರದಿಂದ ನೋಡಿ, ರಾಗಿ ಕಾಳಿನಂಥ ಸಣ್ಣ ಗುಬುಟುಗಳು ಕಾಣುತ್ತವೆ. ಅವೆಲ್ಲ ಬೇರಾಗಲು ಕಾದಿರುವ ಜಾಗಗಳು, ಮಣ್ಣು ಸಿಕ್ಕರೆ ಅಲ್ಲೇ ಬೇರು ಬಿಡುತ್ತವೆ.

ಬಿಸಿಲು ದಿನಕ್ಕೆ ಆರು ಗಂಟೆ ಬೇಕೇ ಬೇಕು. ನೀರನ್ನು ಎಲೆಗೆ ಚಿಮುಕಿಸಬೇಡಿ, ಬುಡಕ್ಕೆ ಹಾಕಿ. ಎರಡು ದಿನ ಒಣಗಿಸಿ ಮೂರನೇ ದಿನ ಬಕೆಟ್ ಸುರಿದರೆ ಹಣ್ಣಿನ ತಳ ಕಪ್ಪಾಗಿ ಕೊಳೆಯುತ್ತದೆ. ಅದು ಹುಳ ಅಲ್ಲ, ನೀರು ಏರುಪೇರಾಗಿ ಹಣ್ಣಿಗೆ ಸುಣ್ಣದ ಅಂಶ ತಲುಪದೇ ಹೀಗಾಗುವುದು. ಹೂವು ಬಿಟ್ಟಾಗ ಬೆಳಿಗ್ಗೆ ಗೊಂಚಲನ್ನು ಬೆರಳಿನಿಂದ ಮೆಲ್ಲಗೆ ತಟ್ಟಿ, ಕಾಯಿ ಚೆನ್ನಾಗಿ ಕಚ್ಚುತ್ತದೆ.

ಬೀಜಕ್ಕೆ ಒಳ್ಳೆಯ ಗಿಡದ ಪೂರ್ತಿ ಕೆಂಪಾದ ಹಣ್ಣನ್ನೇ ಬಿಡಿ. ಒಳಗಿನ ಲೋಳೆಯನ್ನು ಲೋಟದಲ್ಲಿ ಎರಡು ದಿನ ಹುಳಿ ಬರಿಸಿ, ತೊಳೆದು, ತಳಕ್ಕೆ ಕೂತ ಬೀಜ ಮಾತ್ರ ಇಟ್ಟುಕೊಳ್ಳಿ. ಪೇಪರ್ ಮೇಲೆ ಹರಡಿದರೆ ಅಂಟಿಕೊಂಡು ಬಿಡುತ್ತದೆ, ಸ್ಟೀಲ್ ತಟ್ಟೆಯಲ್ಲಿ ನೆರಳಲ್ಲೇ ಒಣಗಿಸಿ.