ಇಬ್ಬರೂ ಹಿಂದೆ ನಿಂತು ಟೆನಿಸ್ ಡಬಲ್ಸ್ ಗೆದ್ದ ನನ್ನ ಅನುಭವ

ಎದುರಾಳಿಯ ಸರ್ವ್ ರಿಟರ್ನ್ ಮಾಡುವಾಗ ಇಬ್ಬರೂ ಕೋರ್ಟಿನ ಹಿಂದಿನ ಗೆರೆ, ಅಂದರೆ ಬೇಸ್‌ಲೈನ್‌ನಲ್ಲೇ ನಿಲ್ಲುತ್ತೇವೆ ಅಂದಾಗ ಕಲಬುರಗಿಯಲ್ಲಿ ಒಪ್ಪಿದವರು ಕಡಿಮೆ. "ಅಲ್ಲೋ ತಮ್ಮಾ, ಡಬಲ್ಸ್ ಅಂದ್ರ ನೆಟ್ಟಿನ ಆಟ. ಹಿಂದ ನಿಂತು ಏನ್ ಮಾಡ್ತೀರಿ?" ಅಂತ ಹಿರಿಯ ಆಟಗಾರರೊಬ್ಬರು ಕೇಳಿದರು. ಈ ಸಲ ಒಟ್ಟು 15 ಸಾವಿರ ಡಾಲರ್ ಬಹುಮಾನದ ಐಟಿಎಫ್ (ಅಂತರರಾಷ್ಟ್ರೀಯ ಟೆನಿಸ್ ಫೆಡರೇಷನ್) ಟೂರ್ನಿಯಲ್ಲಿ ಹಾಗೇ ನಿಂತು ಮೊದಲ ಸುತ್ತು ಗೆದ್ದೆವು. ಇಬ್ಬರಿಗೂ ವಿಶ್ವ ರ‍್ಯಾಂಕಿಂಗ್‌ಗೆ ಲೆಕ್ಕವಾಗುವ ಎಟಿಪಿ ಪಾಯಿಂಟ್ ಬಂತು.

ಇದು ಹೊಳೆದದ್ದು 2023ರ ಕೊನೆಯಲ್ಲಿ. ಕಲಬುರಗಿಯ ಚಂದ್ರಶೇಖರ ಪಾಟೀಲ ಕ್ರೀಡಾಂಗಣದಲ್ಲಿ 25 ಸಾವಿರ ಡಾಲರಿನ ಟೂರ್ನಿ ನಡೆದಿತ್ತು. ಭಾರತದ ಆಟಗಾರ ರಾಮ್‌ಕುಮಾರ್ ರಾಮನಾಥನ್ ಆಟ ನೋಡಲು ಎಲ್ಲರೂ ಸಿಂಗಲ್ಸ್ ಕಡೆ ಹೋದರೆ ನಾನು ಡಬಲ್ಸ್ ಕೋರ್ಟ್ ಬಿಡಲಿಲ್ಲ. ರಿಟರ್ನ್ ಸ್ವಲ್ಪ ಮೇಲೆದ್ದರೆ ಸಾಕು, ನೆಟ್ಟಿನವನು ಅಡ್ಡ ಬಂದು ಎದುರಿನ ನೆಟ್ಟಿನವನ ಕಾಲಿಗೇ ಹೊಡೆಯುತ್ತಿದ್ದ. ಆ ಕಾಲೇ ಅಲ್ಲಿ ಇರದಿದ್ದರೆ?

ಶುರುವಿನಲ್ಲಿ ಚೆನ್ನಾಗಿ ಒದೆ ತಿಂದೆವು. ಎದುರಾಳಿಗಳು ನೆಟ್ಟಿನ ಪಕ್ಕದಲ್ಲೇ ಬೀಳುವಂತೆ ಮೆಲ್ಲಗೆ ಡ್ರಾಪ್ ವಾಲಿ ಇಡುತ್ತಿದ್ದರು, ನಾವು ಓಡಿ ಓಡಿ ಸುಸ್ತಾಗುತ್ತಿದ್ದೆವು. ಬೀದರಿನ ನನ್ನ ಜೊತೆಗಾರ, "ಅಣ್ಣಾ, ಬಿಟ್ಟುಬಿಡೋಣ್ರೀ" ಅಂದ. ನಾನು ಬಿಡಲಿಲ್ಲ. ದಾರಿ ಸಿಕ್ಕಿದ್ದು ಲಾಬ್‌ನಿಂದ, ಅಂದರೆ ಬಾಲನ್ನು ಎತ್ತರಕ್ಕೆ ಎತ್ತಿ ಹಿಂದೆ ಹಾಕುವ ಹೊಡೆತದಿಂದ. ಬಾಲ್ ನೆಟ್ಟಿನವನ ತಲೆ ದಾಟಿದ ಕೂಡಲೇ ಇಬ್ಬರೂ ಒಟ್ಟಿಗೆ ಮುಂದೆ ನುಗ್ಗಬೇಕು. ಒಬ್ಬನೇ ಹೋದರೆ ನಡುವೆ ಬಾಗಿಲು ತೆರೆದಂತೆ. ಉಳಿದ ರಿಟರ್ನ್ ಎಲ್ಲ ನಡುವಿಗೇ, ತಗ್ಗಾಗಿ. ನೆಟ್ ಅಲ್ಲಿ ಮೂರೇ ಅಡಿ ಎತ್ತರ, ಎದುರಾಳಿಗೆ ಕೋನವೂ ಸಿಗುವುದಿಲ್ಲ.

ಎರಡನೇ ಸರ್ವ್ ಬಂದರೆ ಜೊತೆಗಾರ ಮುಂದೆ ಹೋಗುತ್ತಾನೆ. ಡ್ಯೂಸ್ (40-40) ಆದಾಗ ಮಾತ್ರ ಹೋಗುವುದಿಲ್ಲ. ನೋ-ಆಡ್ ನಿಯಮದಲ್ಲಿ ಆ ಒಂದೇ ಪಾಯಿಂಟಿಗೆ ಗೇಮ್ ಹೋಗುತ್ತದೆ, ಯಾವ ಬದಿಯಲ್ಲಿ ರಿಟರ್ನ್ ಮಾಡಬೇಕು ಅನ್ನುವುದು ನಮ್ಮ ಕೈಯಲ್ಲೇ ಇರುತ್ತದೆ, ಅಲ್ವಾ? ಆಗ ನಾವು ಕೊಡುವ ಸನ್ನೆ ಏನು ಅಂತ ಇಲ್ಲಿ ಬರೆಯುವುದಿಲ್ಲ. ಇನ್ನೂ ಆಡಬೇಕಿದೆ.

ನಡುವೆ ಐ-ಫಾರ್ಮೇಷನ್ (ನಮ್ಮ ಸರ್ವ್ ಇದ್ದಾಗ ಜೊತೆಗಾರ ನೆಟ್ಟಿನ ನಡುವೆ ಬಗ್ಗಿ ನಿಲ್ಲುವುದು) ಕೂಡ ನೋಡಿದೆವು. ಬೋಪಣ್ಣನ ಥರದ ಸರ್ವ್ ಇದ್ದರೆ ಅದು ಸರಿ, ನಮ್ಮ ಸರ್ವಿಗೆ ಒಗ್ಗಲಿಲ್ಲ. ರಾಕೆಟ್ಟಿನ ಸ್ಟ್ರಿಂಗ್ ಟೆನ್ಷನ್ (ಬಿಗಿ) 52 ಪೌಂಡಿನಿಂದ 46ರ ಸುತ್ತ ಇಳಿಸಿದ್ದು ಮಾತ್ರ ಜಾಸ್ತಿ ಉಪಯೋಗಕ್ಕೆ ಬಂತು. ಲಾಬ್ ಆಳಕ್ಕೆ ಹೋಗುತ್ತದೆ. ನಮ್ಮ ಬಿಸಿಲಲ್ಲಿ ಬಾಲ್ ಹಗುರಾಗಿ ಹಾರುವುದರಿಂದ ಅದು ಬೇಗ ಕೆಳಗಿಳಿಯುವಂತೆ ಟಾಪ್‌ಸ್ಪಿನ್ ಸೇರಿಸಲೇಬೇಕು.

ದುಡ್ಡಿನ ಮಾತು. ಮೊದಲ ಸುತ್ತಲ್ಲಿ ಸೋತರೆ ಜೋಡಿಗೆ ನೂರು ಡಾಲರ್ ಆಸುಪಾಸು, ಅದರಲ್ಲೂ ತೆರಿಗೆ ಹಿಡಿಯುತ್ತಾರೆ. ಪಾಯಿಂಟ್ ಸೊನ್ನೆ. ರೈಲು, ರೂಮು, ಊಟ ಸೇರಿ ವಾರಕ್ಕೆ ಒಬ್ಬನಿಗೆ ಹದಿನೈದು ಸಾವಿರ ರೂಪಾಯಿ ಹತ್ತಿರ ಹೋಗುತ್ತದೆ. ಅದಕ್ಕೇ ಸ್ಟ್ರಿಂಗ್ ರೀಲ್ ತಂದು ನಾನೇ ಹಾಕುತ್ತೇನೆ. 200 ಮೀಟರಿಗೆ ಹದಿನಾರು ರಾಕೆಟ್ ಆಗುತ್ತವೆ. ಬೇರೆ ಆಟಗಾರರ ರಾಕೆಟ್ಟಿಗೂ ಸ್ಟ್ರಿಂಗ್ ಹಾಕಿಕೊಟ್ಟು ರೈಲಿನ ಖರ್ಚು ಎತ್ತಿದ್ದೂ ಇದೆ.

ಗೆದ್ದ ಮ್ಯಾಚ್, ಮೂರನೇ ಸೆಟ್ ಬದಲಿಗೆ ಆಡುವ ಹತ್ತು ಪಾಯಿಂಟಿನ ಟೈಬ್ರೇಕ್‌ವರೆಗೆ ಹೋಯಿತು. 7-7 ಇದ್ದಾಗ ಎದುರಿನ ನೆಟ್ಟಿನವನು ಲಾಬಿಗೆ ಹೆದರಿ ಎರಡು ಹೆಜ್ಜೆ ಹಿಂದೆ ನಿಂತಿದ್ದ. ನಡುವೆ ತಗ್ಗಾಗಿ ಹೊಡೆದೆ, ಅವನಿಗೆ ಮುಟ್ಟಲಾಗಲಿಲ್ಲ. ಮುಂದಿನ ಸುತ್ತಲ್ಲಿ ಎಡಗೈ ಸರ್ವರ್ ಸಿಕ್ಕ, ವೈಡ್ ಸರ್ವ್ ಹಾಕಿ ನನ್ನನ್ನು ಕೋರ್ಟಿನ ಹೊರಗೆ ಎಳೆದ, ಸೋತೆವು. ಈಗ ಎಡಗೈಯವರ ಎದುರು ಆಡ್ ಬದಿಗೆ (ಕೋರ್ಟಿನ ನಮ್ಮ ಎಡಭಾಗಕ್ಕೆ) ಜೊತೆಗಾರನನ್ನು ಹಾಕಿ ಅಭ್ಯಾಸ ಮಾಡುತ್ತಿದ್ದೇವೆ. ಅವನ ಬ್ಯಾಕ್‌ಹ್ಯಾಂಡ್ ನನಗಿಂತ ಗಟ್ಟಿ.