ಉಪ್ಪುನೀರಿನಲ್ಲಿ ಜೆಟ್ ದೋಣಿ: ಎಂಜಿನ್ ಬಿಸಿಯಾಗುವುದನ್ನು ನಿಲ್ಲಿಸಿದ ಬಗೆ

ಮಲ್ಪೆಯ ಕಡಲಿನಲ್ಲಿ, ಪಂಪಿನಿಂದ ನೀರನ್ನು ಹಿಂದಕ್ಕೆ ಚಿಮ್ಮಿಸಿ ಮುಂದೆ ಸಾಗುವ ನನ್ನ ಜೆಟ್ ದೋಣಿಯ ಎಂಜಿನ್ ಹತ್ತೇ ನಿಮಿಷದಲ್ಲಿ ವಿಪರೀತ ಬಿಸಿಯಾಗತೊಡಗಿದಾಗ, ಪಂಪಿನ ಜಾಲರಿಗೆ ಬಲೆಯ ಚೂರು ಸಿಕ್ಕಿರಬೇಕೆಂದು ಭಾವಿಸಿದೆ. ಜಾಲರಿ ಶುಚಿಯಾಗಿಯೇ ಇತ್ತು. ದೋಣಿಯನ್ನು ನೂಕುವ ಪಂಪೇ ಎಂಜಿನ್ನನ್ನು ತಂಪಾಗಿಸಲು ಸಮುದ್ರದ ನೀರನ್ನು ಒಳಗೆ ಕಳುಹಿಸುವುದರಿಂದ, ಆ ನೀರು ಒಣಗಿ ಉಳಿದ ಉಪ್ಪು ಕಿರಿದಾದ ಕೊಳವೆಗಳಲ್ಲಿ ಗಟ್ಟಿಯಾಗಿ ಕಟ್ಟಿಕೊಂಡಿತ್ತು. ಅವುಗಳನ್ನು ಬಿಚ್ಚಿ, ರಾತ್ರಿಯಿಡೀ ಸಿಹಿನೀರಿನಲ್ಲಿ ನೆನೆಸಿ ಉಜ್ಜಿದ ಮೇಲೆ ತಾಪ ಹತೋಟಿಗೆ ಬಂತು. ಅಲ್ಯೂಮಿನಿಯಂ ಕವಚದ ಬದಲಿಗೆ ತಾನು ಸವೆಯಲೆಂದೇ ಜೋಡಿಸಿದ್ದ ಸತುವಿನ ತುಂಡು ಅರ್ಧಕ್ಕಿಂತ ಹೆಚ್ಚು ಕರಗಿದ್ದರಿಂದ ಅದನ್ನೂ ಬದಲಾಯಿಸಿದೆ.

ಈಗ ಪ್ರತಿ ಸಲವೂ ದೋಣಿಯನ್ನು ದಡಕ್ಕೆ ತಂದ ಕೂಡಲೇ ಆ ಕೊಳವೆಗಳಲ್ಲಿ ನಲ್ಲಿಯ ಸಿಹಿನೀರು ಹಾಯಿಸುತ್ತೇನೆ. ಎಂಜಿನ್ ಚಾಲೂ ಆದ ನಂತರವೇ ನಲ್ಲಿಯನ್ನು ತೆರೆಯಬೇಕು, ನಲ್ಲಿಯನ್ನು ಮುಚ್ಚಿದ ನಂತರವೇ ಎಂಜಿನ್ನನ್ನು ನಿಲ್ಲಿಸಬೇಕು. ಈ ಕ್ರಮ ತಪ್ಪಿದರೆ ಹೊಗೆಕೊಳವೆಯ ಮೂಲಕ ನೀರು ಎಂಜಿನ್ನಿನೊಳಗೆ ನುಗ್ಗಬಹುದು.