ಮನೆಗೊಂದು ಹೊಸ ಡೆಸ್ಕ್‌ಟಾಪ್: ನಾನು ಆರಿಸಿದ ಬಗೆ

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯುವುದು ಖಚಿತವಾದ ಮೇಲೆ ನಮ್ಮ ಮನೆಯ ಹಳೆಯ ಕಂಪ್ಯೂಟರಿನ ಬಗ್ಗೆ ಒಂದು ತೀರ್ಮಾನಕ್ಕೆ ಬರಲೇಬೇಕಾಯಿತು. ಅದರಲ್ಲಿದ್ದದ್ದು ಇಂಟೆಲ್‌ನ ನಾಲ್ಕನೇ ತಲೆಮಾರಿನ ಐ3 ಪ್ರೊಸೆಸರ್. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಸುರಕ್ಷತಾ ಚಿಪ್ಪಿನ ಸೌಲಭ್ಯ ಬೇಕು, ಇಂಟೆಲ್ ಪ್ರೊಸೆಸರುಗಳಲ್ಲಿ ಕೆಲವೇ ಅಪವಾದಗಳನ್ನು ಬಿಟ್ಟರೆ ಎಂಟನೇ ತಲೆಮಾರು ಮತ್ತು ಅದರ ನಂತರದವುಗಳನ್ನಷ್ಟೇ ಅದು ಅಧಿಕೃತವಾಗಿ ಒಪ್ಪುತ್ತದೆ. ಮನೆಯಲ್ಲಿ ಯಾರಿಗೂ ವಿಂಡೋಸ್ ಅಗತ್ಯವಿಲ್ಲದಿದ್ದರೆ ನಾನು ಹೊಸದನ್ನು ಕೊಳ್ಳುತ್ತಲೇ ಇರಲಿಲ್ಲ. ಹಳೆಯದಕ್ಕೆ ಹಾರ್ಡ್‌ಡಿಸ್ಕಿನ ಬದಲು ವೇಗದ ಎಸ್‌ಎಸ್‌ಡಿ ಹಾಕಿ, ವಿಂಡೋಸ್ ಬದಲಿಗೆ ಉಚಿತವಾಗಿ ಸಿಗುವ ಲಿನಕ್ಸ್ ಮಿಂಟ್ ಸ್ಥಾಪಿಸಿ ಮುಂದುವರಿಯುತ್ತಿದ್ದೆ. ಆದರೆ ನನ್ನ ಪತ್ನಿ ಒಂದು ಸಹಕಾರ ಸಂಘದ ಲೆಕ್ಕವನ್ನು ಟ್ಯಾಲಿಯಲ್ಲಿ ಬರೆಯುತ್ತಾರೆ. ಬೇರೆಯವರ ಹಣದ ಲೆಕ್ಕವಿರುವ ಯಂತ್ರಕ್ಕೆ ಸುರಕ್ಷತೆಯ ಅಪ್‌ಡೇಟ್ ಬರದಿರುವುದು ಸರಿಯಲ್ಲ ಎಂಬುದೇ ಹೊಸದನ್ನು ಕೊಳ್ಳಲು ಮುಖ್ಯ ಕಾರಣವಾಯಿತು.

ಅಂಗಡಿಗೆ ಹೋಗುವ ಮೊದಲು ಈ ಕಂಪ್ಯೂಟರಿನ ಮುಂದೆ ಯಾರು ಕೂರುತ್ತಾರೆ, ಏನು ಮಾಡುತ್ತಾರೆ ಎಂಬುದನ್ನು ಒಂದು ಹಾಳೆಯಲ್ಲಿ ಬರೆದುಕೊಂಡೆ. ಪತ್ನಿಯ ಟ್ಯಾಲಿ, ನನ್ನ ಕನ್ನಡ ಬರವಣಿಗೆ, ಮಗನ ಆನ್‌ಲೈನ್ ಪಾಠ ಮತ್ತು ಅವನ ಪೈಥಾನ್ ಅಭ್ಯಾಸ, ತಂದೆಯವರು ನೋಡುವ ಯಕ್ಷಗಾನದ ವೀಡಿಯೊಗಳು, ಮನೆಮಂದಿಯ ಫೋಟೊಗಳ ಸಂಗ್ರಹ. ಆಟವಾಡುವವರಾಗಲಿ ವೀಡಿಯೊ ಎಡಿಟಿಂಗ್ ಮಾಡುವವರಾಗಲಿ ನಮ್ಮಲ್ಲಿಲ್ಲ. ಹಾಗಾಗಿ ಎಲ್ಲ ಸೇರಿ 55,000 ರೂಪಾಯಿ ದಾಟಬಾರದೆಂದೂ, ಅದರಲ್ಲಿ ಪ್ರೊಸೆಸರಿನ ಹೆಸರಿಗಿಂತ ಕಣ್ಣಿಗೆ ಕಾಣುವ ಪರದೆಗೆ, ವೇಗ ಕೊಡುವ ಎಸ್‌ಎಸ್‌ಡಿಗೆ ಮತ್ತು ವಿದ್ಯುತ್ತಿನಿಂದ ಇಡೀ ಯಂತ್ರವನ್ನು ಕಾಯುವ ಭಾಗಗಳಿಗೆ ಹೆಚ್ಚು ಹಣ ಹೋಗಬೇಕೆಂದೂ ನಿರ್ಧರಿಸಿಕೊಂಡೆ.

ಪರದೆಯೊಳಗೇ ಕಂಪ್ಯೂಟರ್ ಇರುವ ಆಲ್-ಇನ್-ಒನ್ ನೋಡಲು ಚೆಂದ, ಮೇಜಿನ ಮೇಲೆ ಜಾಗವೂ ಉಳಿಯುತ್ತದೆ. ಆದರೆ ಪರದೆ ಕೆಟ್ಟರೆ ಕಂಪ್ಯೂಟರನ್ನೇ ರಿಪೇರಿಗೆ ಕೊಡಬೇಕಾಗುತ್ತದೆ. ಕೆಲವು ಬ್ರ್ಯಾಂಡೆಡ್ ಟವರ್‌ಗಳಲ್ಲಿ ಎಸ್‌ಎಂಪಿಎಸ್ (ಭಾಗಗಳಿಗೆ ವಿದ್ಯುತ್ ಪೂರೈಸುವ ಪೆಟ್ಟಿಗೆ) ಮತ್ತು ಮದರ್‌ಬೋರ್ಡುಗಳು ಆ ಕಂಪನಿಯದೇ ಅಳತೆಯವು, ಮಾರುಕಟ್ಟೆಯ ಸಾಮಾನ್ಯ ಭಾಗ ಅವಕ್ಕೆ ಹೊಂದುವುದಿಲ್ಲ. ಶಿವಮೊಗ್ಗ ಜಿಲ್ಲೆಯ ನಮ್ಮಂಥ ಸಣ್ಣ ಊರಿನಲ್ಲಿ, ಮಳೆಗಾಲದಲ್ಲಿ ಒಂದು ಭಾಗ ಹೋದರೆ ಮರುದಿನವೇ ಇನ್ನೊಂದು ಸಿಗಬೇಕು. ಆದ್ದರಿಂದ ಬಿಡಿಭಾಗಗಳನ್ನು ಆರಿಸಿ ಜೋಡಿಸಿದ ಕಂಪ್ಯೂಟರನ್ನೇ ಕೊಳ್ಳಲು ನಿಶ್ಚಯಿಸಿದೆ. ಬೆಂಗಳೂರಿನ ಎಸ್.ಪಿ. ರಸ್ತೆಯ ಬೆಲೆಗಳನ್ನು ಫೋನಿನಲ್ಲಿ ವಿಚಾರಿಸಿಕೊಂಡೆ. ಅಲ್ಲಿ ಕಡಿಮೆಯೇ ಇತ್ತು. ಆದರೂ ವಾರಂಟಿಗಾಗಿ ಪ್ರತಿ ಸಲ ಬೆಂಗಳೂರಿಗೆ ಹೋಗಿಬರುವ ಖರ್ಚನ್ನು ಲೆಕ್ಕ ಹಾಕಿದಾಗ ಶಿವಮೊಗ್ಗದ ಅಂಗಡಿಯೇ ಅಗ್ಗವೆನಿಸಿತು.

ಅಲ್ಲಿ ಬರೆದುಕೊಟ್ಟ ಮೊದಲ ಕೊಟೇಶನ್ನಿನಲ್ಲಿ ಕೋರ್ ಐ3-12100ಎಫ್ ಪ್ರೊಸೆಸರೂ ಅದರ ಜೊತೆಗೆ ಜಿಟಿ 710 ಗ್ರಾಫಿಕ್ಸ್ ಕಾರ್ಡೂ ಇದ್ದವು. ಹೆಸರಿನ ಕೊನೆಯಲ್ಲಿ ‘ಎಫ್’ ಇರುವ ಇಂಟೆಲ್ ಪ್ರೊಸೆಸರುಗಳಲ್ಲಿ ಒಳಗ್ರಾಫಿಕ್ಸ್ ಇರುವುದಿಲ್ಲ, ಹಾಗಾಗಿ ಪರದೆಗೆ ಚಿತ್ರ ಬರಬೇಕಾದರೆ ಬೇರೆ ಕಾರ್ಡ್ ಹಾಕಲೇಬೇಕು. ಜಿಟಿ 710 ತೀರ ಹಳೆಯ ಕಾರ್ಡ್. ಎಫ್ ಇಲ್ಲದ ಐ3-12100ರೊಳಗಿನ ಯುಎಚ್‌ಡಿ 730 ಗ್ರಾಫಿಕ್ಸ್ ಮನೆಬಳಕೆಗೆ ಅದಕ್ಕಿಂತ ಉತ್ತಮ. ಕಾರ್ಡನ್ನು ತೆಗೆಸಿ, ಎಫ್ ಇಲ್ಲದ ಪ್ರೊಸೆಸರನ್ನೇ ಬರೆಸಿದೆ. ನಾಲ್ಕು ಕೋರ್, ಎಂಟು ಥ್ರೆಡ್‌ಗಳ ಈ ಪ್ರೊಸೆಸರ್ ನಮ್ಮ ಹಾಳೆಯಲ್ಲಿದ್ದ ಎಲ್ಲ ಕೆಲಸಕ್ಕೂ ಧಾರಾಳವಾಗಿ ಸಾಕು. ಎಎಂಡಿಯ ರೈಜೆನ್ 5 5600ಜಿ ಕೂಡ ನನ್ನ ಪಟ್ಟಿಯಲ್ಲಿತ್ತು; ಆರು ಕೋರ್‌ಗಳ ಅದು ಹಲವು ಕೆಲಸಗಳಲ್ಲಿ ಇದಕ್ಕಿಂತ ಬಲಶಾಲಿ. ಆದರೆ ಎವಿ1 ಎಂಬ ಬಗೆಯಲ್ಲಿ ಕುಗ್ಗಿಸಿದ ವೀಡಿಯೊಗಳನ್ನು ಬಿಡಿಸುವ ಯಂತ್ರಾಂಶ ಯುಎಚ್‌ಡಿ 730ರಲ್ಲಿದೆ, 5600ಜಿಯಲ್ಲಿಲ್ಲ. ಯೂಟ್ಯೂಬ್ ಈಗ ಬಹಳಷ್ಟು ವೀಡಿಯೊಗಳನ್ನು ಎವಿ1ನಲ್ಲಿ ಕಳುಹಿಸುತ್ತದೆ; ತಂದೆಯವರ ಯಕ್ಷಗಾನ ಗಂಟೆಗಟ್ಟಲೆ ನಡೆಯುವ ಮನೆಯಲ್ಲಿ ಪ್ರೊಸೆಸರಿಗೆ ಹೊರೆಯಾಗದೆ, ಫ್ಯಾನ್ ಸದ್ದು ಮಾಡದೆ ವೀಡಿಯೊ ಓಡುವುದು ನನಗೆ ಮುಖ್ಯವಾಗಿ ಕಂಡಿತು.

ರ‍್ಯಾಮ್ 16 ಜಿಬಿ. ಒಂದೇ ಪಟ್ಟಿಯ ಬದಲು ಎಂಟೆಂಟು ಜಿಬಿಯ ಎರಡನ್ನು ಹಾಕಿಸಿದೆ. ಒಳಗ್ರಾಫಿಕ್ಸ್‌ಗೆ ಪ್ರತ್ಯೇಕ ಮೆಮೊರಿ ಇಲ್ಲದೆ ಅದು ರ‍್ಯಾಮನ್ನೇ ಹಂಚಿಕೊಳ್ಳುವುದರಿಂದ, ಎರಡು ಚಾನೆಲ್‌ಗಳು (ಮಾಹಿತಿ ಸಾಗುವ ದಾರಿಗಳು) ಒಟ್ಟಿಗೆ ಕೆಲಸ ಮಾಡುವುದು ಅದಕ್ಕೆ ನೇರ ಲಾಭ. ಸಂಗ್ರಹಕ್ಕೆ 1 ಟಿಬಿಯ ಎನ್‌ವಿಎಂಇ ಎಂಬ ವೇಗದ ಬಗೆಯ ಎಸ್‌ಎಸ್‌ಡಿ ಸಾಕಾಯಿತು. ಹಳೆಯ ಹಾರ್ಡ್‌ಡಿಸ್ಕನ್ನು ಹೊರಗಿನ ಡಬ್ಬಿಗೆ ಹಾಕಿ ಫೋಟೊಗಳ ಎರಡನೆಯ ಪ್ರತಿ ಇಡಲು ಬಳಸುತ್ತಿದ್ದೇನೆ.

ಮಾನಿಟರ್ ವಿಷಯದಲ್ಲಿ ನಾನು ಹೆಚ್ಚು ಹೊತ್ತು ನಿಂತೆ. ಅಂಗಡಿಗಳಲ್ಲಿ ಬಣ್ಣಬಣ್ಣದ ವೀಡಿಯೊ ಹಾಕಿ ತೋರಿಸುತ್ತಾರೆ, ಅದರಲ್ಲಿ ಎಲ್ಲ ಪರದೆಗಳೂ ಚೆನ್ನಾಗಿಯೇ ಕಾಣುತ್ತವೆ. ನಾನು ಅದನ್ನು ನಿಲ್ಲಿಸಲು ಕೇಳಿಕೊಂಡು, ಒಂದು ಕನ್ನಡ ದಿನಪತ್ರಿಕೆಯ ಪುಟ ತೆರೆದು, ಅಕ್ಷರವನ್ನು ಹಿಗ್ಗಿಸದೆ, ಮನೆಯಲ್ಲಿ ಕೂರುವಷ್ಟೇ ದೂರದಲ್ಲಿ ಕುಳಿತು ಓದಿದೆ. ಕನ್ನಡದಲ್ಲಿ ಒತ್ತಕ್ಷರಗಳು ಸಾಲಿನ ಕೆಳಗೆ ಚಿಕ್ಕದಾಗಿ ಕೂರುತ್ತವೆ. ‘ರಾಷ್ಟ್ರ’, ‘ಸ್ವಾತಂತ್ರ್ಯ’, ‘ಲಕ್ಷ್ಮಿ’ ಇಂಥ ಪದಗಳಲ್ಲಿ ಒತ್ತುಗಳು ಬಿಡಿಬಿಡಿಯಾಗಿ ಕಾಣುತ್ತವೆಯೋ ಕಲಸಿಹೋಗುತ್ತವೆಯೋ ಎಂಬುದನ್ನು ನೋಡಿದರೆ ಪರದೆಯ ಸ್ಪಷ್ಟತೆ ಕೂಡಲೇ ತಿಳಿಯುತ್ತದೆ. 27 ಇಂಚಿನ ಪರದೆಯಲ್ಲಿ 1920×1080 ಚುಕ್ಕೆಗಳೇ ಇದ್ದಾಗ ಇಂಚಿಗೆ ಸುಮಾರು 82 ಚುಕ್ಕೆಗಳಾಗುತ್ತವೆ, ಒತ್ತುಗಳ ಅಂಚು ಒರಟಾಗಿ ಕಾಣುತ್ತದೆ. ಅದೇ ಚುಕ್ಕೆಗಳು 24 ಇಂಚಿನಲ್ಲಿ ಇಂಚಿಗೆ ಸುಮಾರು 92. ನನ್ನ ಕಣ್ಣಿಗೆ ಈ ವ್ಯತ್ಯಾಸ ಸ್ಪಷ್ಟವಾಗಿ ಗೊತ್ತಾಯಿತು, ಆದ್ದರಿಂದ ಬದಿಯಿಂದ ನೋಡಿದರೂ ಬಣ್ಣ ಮಾಸದ ಐಪಿಎಸ್ ಬಗೆಯ 24 ಇಂಚಿನ ಪರದೆಯನ್ನು ಆರಿಸಿದೆ. ತಂದೆಯವರು ಪ್ರೋಗ್ರೆಸಿವ್ ಕನ್ನಡಕ ಹಾಕುತ್ತಾರೆ. ಪರದೆ ಎತ್ತರದಲ್ಲಿದ್ದರೆ ಗಾಜಿನ ಕೆಳಭಾಗದಿಂದ ಓದಲು ತಲೆ ಎತ್ತಬೇಕಾಗಿ ಕುತ್ತಿಗೆ ನೋಯುತ್ತದೆ. ಎತ್ತರ ಇಳಿಸಿ ಏರಿಸಬಹುದಾದ ಸ್ಟ್ಯಾಂಡಿಗೆ ಸ್ವಲ್ಪ ಹೆಚ್ಚು ಹಣ ಕೊಟ್ಟದ್ದು ಆ ಕಾರಣಕ್ಕೆ.

ಇನ್ನು ವಿದ್ಯುತ್ತಿನ ವಿಷಯ. ಕ್ಯಾಬಿನೆಟ್ ಜೊತೆಗೇ ಎಸ್‌ಎಂಪಿಎಸ್ ಬರುತ್ತದೆ, ಬೇರೆ ಬೇಡ ಎಂದು ಅಂಗಡಿಯವರು ಹೇಳಿದರು. ಅದನ್ನು ಹೊರತೆಗೆಸಿ ಮೇಲಿನ ಚೀಟಿ ಓದಿದೆ. ದಪ್ಪ ಅಕ್ಷರದಲ್ಲಿ 450 ವ್ಯಾಟ್ ಎಂದಿದ್ದರೂ 12 ವೋಲ್ಟ್ ಸಾಲಿನಲ್ಲಿ ಬರೆದದ್ದು 16 ಆಂಪಿಯರ್. ಎರಡನ್ನೂ ಗುಣಿಸಿದರೆ 192 ವ್ಯಾಟ್. ಇಂದಿನ ಕಂಪ್ಯೂಟರಿನಲ್ಲಿ ಪ್ರೊಸೆಸರ್ ಸೇರಿ ಹೆಚ್ಚು ವಿದ್ಯುತ್ ಎಳೆಯುವ ಭಾಗಗಳು ನಡೆಯುವುದು ಈ 12 ವೋಲ್ಟ್ ಸಾಲಿನಿಂದಲೇ. ನಮ್ಮ ಯಂತ್ರಕ್ಕೆ 192 ವ್ಯಾಟ್ ಕೂಡ ಸಾಕಾಗುತ್ತದೆಂಬುದು ನಿಜ, ಆದರೆ ಚೀಟಿಯ ಮೇಲೆಯೇ ಸರಿಯಾದ ಮಾತು ಬರೆಯದ ವಸ್ತುವನ್ನು ವೋಲ್ಟೇಜ್ ಏರುಪೇರಾಗುವ ಊರಿನಲ್ಲಿ ನಂಬಲು ನನಗೆ ಮನಸ್ಸಾಗಲಿಲ್ಲ. ವಿದ್ಯುತ್ ದಕ್ಷತೆಗೆ ಕೊಡುವ 80 ಪ್ಲಸ್ ಬ್ರಾಂಜ್ ಪ್ರಮಾಣಪತ್ರವಿರುವ 450 ವ್ಯಾಟಿನದನ್ನು ಪ್ರತ್ಯೇಕವಾಗಿ ತೆಗೆದುಕೊಂಡೆ.

ಮನೆಯಲ್ಲಿ ಇನ್ವರ್ಟರ್ ಇದೆಯಲ್ಲ, ಯುಪಿಎಸ್ ಏಕೆ ಎಂದು ಹಲವರು ಕೇಳಿದರು. ಕರೆಂಟ್ ಹೋದ ಮೇಲೆ ಎಸ್‌ಎಂಪಿಎಸ್ ತನ್ನೊಳಗಿನ ಕೆಪಾಸಿಟರಿನ ಬಲದಿಂದ ಪೂರ್ಣ ಹೊರೆಯಲ್ಲಿ ತಾಳಿಕೊಳ್ಳಬಲ್ಲದ್ದು ಸುಮಾರು 16 ಮಿಲಿಸೆಕೆಂಡ್ ಮಾತ್ರ. ಇನ್ವರ್ಟರನ್ನು ಯುಪಿಎಸ್ ಮೋಡಿನಲ್ಲಿಟ್ಟರೆ ಅದು ಇಷ್ಟರೊಳಗೆ ಬ್ಯಾಟರಿಗೆ ಬದಲಾಗುತ್ತದೆ, ಸಾಮಾನ್ಯ ಮೋಡಿನಲ್ಲಿ ಹೆಚ್ಚು ಸಮಯ ತೆಗೆದುಕೊಳ್ಳುತ್ತದೆ. ಆದರೆ ಯುಪಿಎಸ್ ಮೋಡ್ ಒಪ್ಪುವ ವೋಲ್ಟೇಜಿನ ವ್ಯಾಪ್ತಿ ಕಿರಿದು. ಸಂಜೆ ಪಂಪ್‌ಸೆಟ್ಟುಗಳು ನಡೆಯುವ ಹೊತ್ತಿಗೆ ನಮ್ಮಲ್ಲಿ ವೋಲ್ಟೇಜ್ 180ಕ್ಕಿಂತ ಕೆಳಗಿಳಿಯುತ್ತದೆ. ಆಗ ಇನ್ವರ್ಟರ್ ಕರೆಂಟ್ ಇದ್ದರೂ ಬ್ಯಾಟರಿಗೆ ಹೋಗಿ, ರಾತ್ರಿ ನಿಜವಾಗಿ ಕರೆಂಟ್ ಹೋದಾಗ ಬ್ಯಾಟರಿ ಖಾಲಿಯಾಗಿರುತ್ತದೆ. ಹಾಗಾಗಿ ಇನ್ವರ್ಟರನ್ನು ಸಾಮಾನ್ಯ ಮೋಡಿನಲ್ಲೇ ಬಿಟ್ಟು, ಕಂಪ್ಯೂಟರಿಗೆ ಮಾತ್ರ 600 ವಿಎ ಯುಪಿಎಸ್ ಇಟ್ಟೆ. ಇದರ ಜೊತೆಗೆ ಎಲೆಕ್ಟ್ರಿಷಿಯನ್ನರನ್ನು ಕರೆಸಿ ಆ ಸಾಕೆಟ್ಟಿನ ಅರ್ಥಿಂಗ್ ಪರೀಕ್ಷಿಸಿ ಸರಿಪಡಿಸಿಕೊಂಡೆ. ಹಳೆಯ ಮನೆಗಳಲ್ಲಿ ಮೂರನೆಯ ಪಿನ್ನಿಗೆ ತಂತಿಯೇ ಇರದಿರುವುದು ಅಪರೂಪವಲ್ಲ. ಇಷ್ಟಾದರೂ ಗುಡುಗು ಶುರುವಾದರೆ ಪ್ಲಗ್ ಕೀಳುವುದೇ ನಮ್ಮ ಮನೆಯ ಪದ್ಧತಿ. ಮಲೆನಾಡಿನ ಸಿಡಿಲಿಗೆ ಬೇರೆ ಪರಿಹಾರವನ್ನು ನಾನು ಕಂಡಿಲ್ಲ.

ವಿಂಡೋಸ್ ವಿಷಯದಲ್ಲಿ ಅಂಗಡಿಯವರು ಪುಕ್ಕಟೆಯಾಗಿ ಹಾಕಿಕೊಡುವ ಪ್ರತಿಯನ್ನು ಬೇಡವೆಂದು ಹೇಳಿ ಪರವಾನಗಿಯನ್ನು ಹಣ ಕೊಟ್ಟು ಕೊಂಡೆ. ಸುರಕ್ಷತೆಗಾಗಿಯೇ ಹೊಸ ಕಂಪ್ಯೂಟರ್ ಕೊಂಡು ಅದರಲ್ಲಿ ಯಾರೋ ತಿದ್ದಿದ ಪ್ರತಿಯನ್ನು ಓಡಿಸುವುದರಲ್ಲಿ ಅರ್ಥವಿಲ್ಲ. ಕನ್ನಡ ಟೈಪಿಂಗಿಗೆ ಕನ್ನಡ ಗಣಕ ಪರಿಷತ್ತಿನ ನುಡಿ ತಂತ್ರಾಂಶವನ್ನು ಹಾಕಿಕೊಂಡೆ. ಹಳೆಯ ಫಾಂಟುಗಳಿಗೆ ಕಟ್ಟುಬಿದ್ದ ಆಸ್ಕಿ ಕಡತಗಳನ್ನು ಎಲ್ಲೆಡೆ ಓದಬಲ್ಲ ಯೂನಿಕೋಡ್‌ಗೆ ಪರಿವರ್ತಿಸುವ ಕೆಲಸವನ್ನೂ ಈ ನೆಪದಲ್ಲಿ ಮುಗಿಸಿದೆ.

ಹಣ ಪಾವತಿಸುವ ಮೊದಲು ಜಿಎಸ್‌ಟಿ ಬಿಲ್ಲಿನಲ್ಲಿ ಪ್ರತಿ ಭಾಗದ ಸೀರಿಯಲ್ ನಂಬರನ್ನೂ ಬರೆಸಿ, ಡಬ್ಬಿಯ ಮೇಲಿನ ನಂಬರಿನೊಂದಿಗೆ ತಾಳೆ ನೋಡಿದೆ. ಕಂಪ್ಯೂಟರ್ ಶುರುವಾಗುವಾಗ ತೆರೆಯುವ ಬಯಾಸ್ ಸೆಟ್ಟಿಂಗಿನಲ್ಲಿ ಟಿಪಿಎಂ ಚಾಲೂ ಇದೆಯೇ, ಎರಡೂ ರ‍್ಯಾಮ್ ಪಟ್ಟಿಗಳು ಕಾಣುತ್ತಿವೆಯೇ ಎಂಬುದನ್ನು ಅಂಗಡಿಯಲ್ಲೇ ನೋಡಿಕೊಂಡೆ. ಮನೆಗೆ ತಂದ ದಿನ ವೀಡಿಯೊ ಓಡುತ್ತಿರುವಾಗಲೇ ಯುಪಿಎಸ್‌ನ ಪ್ಲಗ್ ತೆಗೆದು, ಕಂಪ್ಯೂಟರ್ ಆರದೆ ನಡೆಯುವುದನ್ನು ಖಚಿತಪಡಿಸಿಕೊಂಡೆ.

ಹಳೆಯ ಯಂತ್ರಕ್ಕೆ ಒಂದು ಸಾಟಾ ಎಸ್‌ಎಸ್‌ಡಿ ಮತ್ತು ಲಿನಕ್ಸ್ ಮಿಂಟ್ ಹಾಕಿ, ಗಡಿಯಾರ ಹಿಂದೆ ಬೀಳುತ್ತಿದ್ದುದರಿಂದ ಮದರ್‌ಬೋರ್ಡಿನ ಸಿಆರ್2032 ಬ್ಯಾಟರಿಯನ್ನೂ ಬದಲಾಯಿಸಿದೆ. ಈಗ ಮಗ ಪೈಥಾನ್ ಅಭ್ಯಾಸವನ್ನು ಅದರಲ್ಲೇ ಮಾಡುತ್ತಾನೆ, ಅಮ್ಮನ ಟ್ಯಾಲಿ ಮುಗಿಯಲೆಂದು ಕಾಯಬೇಕಾಗಿಲ್ಲ.